ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವಾಗ ಹಿಂದಿನ ಗದ್ದಲ ತಗ್ಗಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಲೋಕಲ್ ಟ್ರೇನು ಓಡುವ ಸೆಂಟ್ರಲ್ ಲೈನಿನ ಹಳಿಯಿಂದ ಒಂದು ಕೂಗಳತೆ ದೂರ. ಒಂದು ಬೆಡ್‌ರೂಮು, ಒಂದು ಹಾಲು, ಒಂದು ಅಡುಗೆಮನೆ. ಇಷ್ಟರೊಳಗೇ ಏಳೆಂಟು ವರ್ಷದಿಂದ ದಾಸರ ಪದ, ಭಾವಗೀತೆ, ಕತೆ ಓದು ಎಲ್ಲ ರೆಕಾರ್ಡ್ ಆಗುತ್ತಿದೆ. ಮಾಟುಂಗ, ಗೋರೆಗಾಂವ್, ಮುಲುಂಡ್, ಠಾಣೆ ಕಡೆಯ ಕನ್ನಡದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ಒಂದೇ ಒಂದು ಉಪಾಯ ಹೇಳಿ ಅಂದರೆ ಏನು ಹೇಳುತ್ತೀರಿ?

ಮೈಕಿನ ಹತ್ತಿರ ಬನ್ನಿ.

ಇದನ್ನು ಕೇಳಿದವರು "ಅಷ್ಟೇನಾ?" ಅಂತಾರೆ. ಅಷ್ಟೇ. ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧಕ್ಕೆ ಇಳಿದರೆ ಮೈಕಿಗೆ ಮುಟ್ಟುವ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. 60 ಸೆಂಟಿಮೀಟರ್ ದೂರದಲ್ಲಿ ಹಾಡುತ್ತಿದ್ದವರು 30ಕ್ಕೆ ಬಂದರೆ 6, 15ಕ್ಕೆ ಬಂದರೆ 12. ಲೋಕಲ್ ಟ್ರೇನು ಮಾತ್ರ ಇದ್ದಲ್ಲೇ ಇದೆ, ಅದರ ಸದ್ದು ಏರಲಿಲ್ಲ. ದನಿ ಜೋರಾಗಿ ಬಂದದ್ದರಿಂದ ನೀವು ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ) ಇಳಿಸುತ್ತೀರಿ. ಗೇನ್ ಇಳಿದಂತೆ ಟ್ರೇನೂ ಫ್ಯಾನೂ ಪಕ್ಕದ ಮನೆಯ ಟಿವಿಯೂ ಒಟ್ಟಿಗೇ 12 ಡೆಸಿಬೆಲ್ ಕೆಳಗಿಳಿದವು. ಒಂದು ರೂಪಾಯಿ ಖರ್ಚಿಲ್ಲ. ಇಷ್ಟು ಲಾಭವನ್ನು ಸಾಫ್ಟ್‌ವೇರಿನಲ್ಲಿ ಪಡೆಯಲು ಹೋದರೆ ದನಿಯ ಚರ್ಮ ಸುಲಿದುಹೋಗುತ್ತದೆ.

ಒಂದು ಗೇಣು ದೂರ ಇಟ್ಟುಕೊಳ್ಳಿ. ಹೆಬ್ಬೆರಳನ್ನು ಮೈಕಿಗೆ, ಕಿರುಬೆರಳನ್ನು ತುಟಿಗೆ ತಾಗಿಸಿ ಅಳೆದರಾಯಿತು. ಓದುವುದಾದರೆ ಇನ್ನೂ ಸ್ವಲ್ಪ ಹತ್ತಿರವಾದರೂ ನಡೆದೀತು. ತಾರ ಷಡ್ಜ ಮುಟ್ಟುವಾಗ ತಲೆ ತುಸು ಹಿಂದೆ, ಮಂದ್ರಕ್ಕೆ ಇಳಿಯುವಾಗ ಮತ್ತೆ ಹತ್ತಿರ. ವೇದಿಕೆಯ ಮೇಲೆ ಹಾಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ.

ಹತ್ತಿರ ಹೋದರೆ "ಪ", "ಬ", "ಭ" ಬಂದಾಗಲೆಲ್ಲ ಡಬ್ ಡಬ್ ಅನ್ನುತ್ತದಲ್ಲ?

ಬಾಯಿಂದ ಹೊರಡುವ ಗಾಳಿ ನೇರ ಮೈಕಿನ ಪರದೆಗೆ ಬಡಿದರೆ ಹಾಗಾಗುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಕೆನ್ನೆಯ ಪಕ್ಕಕ್ಕೆ ಸರಿಸಿ, ಮೈಕಿನ ಮುಖ ಮಾತ್ರ ಬಾಯಿಯ ಕಡೆಗೇ ಇರಲಿ. ಗಾಳಿ ಪಕ್ಕದಿಂದ ಹಾದುಹೋಗುತ್ತದೆ, ದನಿ ಮಾತ್ರ ಮುಟ್ಟುತ್ತದೆ. ಪಾಪ್ ಫಿಲ್ಟರ್ (ಗಾಳಿ ತಡೆಯುವ ತೆಳು ಜಾಲರಿ) ಇದ್ದರೆ ಮೈಕಿನಿಂದ ನಾಲ್ಕು ಬೆರಳು ಮುಂದೆ ನಿಲ್ಲಿಸಿ. ಇಲ್ಲವಾದರೆ ಕಸೂತಿ ಹಾಕುವ ಬಳೆಯಾಕಾರದ ಚೌಕಟ್ಟಿಗೆ ಹಳೆಯ ನೈಲಾನ್ ಕಾಲುಚೀಲ ಎಳೆದು ಕಟ್ಟಿ, ಕೆಲಸ ಅದೇ.

ಹತ್ತಿರ ಬಂದಾಗ ದನಿಯ ತಳ ತುಸು ದಪ್ಪವಾಗುವುದೂ ಉಂಟು. ಒಂದು ದಿಕ್ಕಿಗೆ ಕೇಳುವ ಮೈಕುಗಳ ಸ್ವಭಾವವೇ ಹಾಗೆ. ಆಮೇಲೆ ದನಿಯ ತಳ, ಮೇಲು ಏರಿಸಿ ಇಳಿಸುವ ಈಕ್ಯೂನಲ್ಲಿ ಕೆಳಗಿನ ಭಾಗ ಸ್ವಲ್ಪ ಇಳಿಸಿದರೆ ಸರಿಹೋಗುತ್ತದೆ. ಇಳಿಸಿದಾಗ ಟ್ರೇನಿನ ಗುಡುಗುಡು ಕೂಡ ಇಳಿಯುವುದು ಉಚಿತ ಲಾಭ.

ನಮ್ಮ ಮನೆಯಲ್ಲಿ ಯಾವ ಸದ್ದು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡುವುದು ಹೇಗೆ?

ಹಾಡುವ ಜಾಗದಲ್ಲಿ ಮೈಕು ಇಟ್ಟು, ಹಾಡುವಷ್ಟೇ ಗೇನ್ ಇಟ್ಟು, ಬಾಯಿ ಮುಚ್ಚಿಕೊಂಡು ಎರಡು ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಹೆಡ್‌ಫೋನ್ ಹಾಕಿ ವಾಲ್ಯೂಮ್ ಏರಿಸಿ ಕೇಳಿ. ನಮ್ಮ ಕಿವಿ ವರ್ಷಗಟ್ಟಲೆ ಕೇಳಿ ಬಿಟ್ಟುಬಿಟ್ಟಿರುವ ಸದ್ದುಗಳೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತವೆ. ನಾನು ಮೊದಲ ಸಲ ಕೇಳಿದಾಗ ಟ್ರೇನು ನಾನೆಣಿಸಿದ್ದಕ್ಕಿಂತ ಸಣ್ಣದಿತ್ತು. ದೊಡ್ಡದಾಗಿದ್ದದ್ದು ಗೋಡೆ ಗಡಿಯಾರ. ಟಕ್, ಟಕ್, ಟಕ್. ಆದಿತಾಳಕ್ಕೂ ಕೂಡದ, ರೂಪಕಕ್ಕೂ ಕೂಡದ ಅದರದೇ ಲಯ. ಈಗ ರೆಕಾರ್ಡಿಂಗ್ ದಿನ ಗಡಿಯಾರ ಅಡುಗೆಮನೆಯ ಅಕ್ಕಿ ಡಬ್ಬದೊಳಗೆ ಮಲಗುತ್ತದೆ.

ಕೇಳಿದ ಸದ್ದನ್ನು ಮೂರು ಗುಂಪು ಮಾಡಿಕೊಳ್ಳಿ. ಒಂದೇ ಸಮ ಇರುವುದು: ಫ್ಯಾನು, ಫ್ರಿಜ್ಜು, ಏಸಿ. ಬಂದು ಹೋಗುವುದು: ಟ್ರೇನು, ಹಾರ್ನು, ಪಾವ್‌ವಾಲಾನ ಸೈಕಲ್ ಪೋಂ ಪೋಂ, ಪಾರಿವಾಳ. ಮೂರನೆಯದು ನಿಮ್ಮದೇ: ಬಳೆ, ಮಾಂಗಲ್ಯದ ಸರ, ಗಂಜಿ ಹಾಕಿದ ಕಾಟನ್ ಸೀರೆ, ಕಿರುಗುಟ್ಟುವ ಕುರ್ಚಿ, ಹಾಡಿನ ಪುಸ್ತಕದ ಹಾಳೆ. ಮೊದಲನೆಯದಕ್ಕೆ ಸ್ವಿಚ್ಚು, ಎರಡನೆಯದಕ್ಕೆ ಹೊತ್ತು, ಮೂರನೆಯದಕ್ಕೆ ಎಚ್ಚರ. ಗಾಜಿನ ಬಳೆ ತೆಗೆಯಲು ಮನಸ್ಸಾಗದವರು ಮೊಣಕೈವರೆಗೆ ಏರಿಸಿ ಮೇಲೆ ಕರ್ಚೀಫು ಕಟ್ಟಿಕೊಳ್ಳುತ್ತಾರೆ, ಚೆನ್ನಾಗಿಯೇ ನಡೆಯುತ್ತದೆ.

ಫ್ಯಾನ್ ಆರಿಸಲೇಬೇಕಾ? ಮುಂಬಯಿ ಸೆಕೆಯಲ್ಲಿ?

ಆರಿಸಲೇಬೇಕು. ಫ್ಯಾನಿನ ಸದ್ದು ಮಾತ್ರ ಇದ್ದಿದ್ದರೆ ಸಾಫ್ಟ್‌ವೇರು ನೋಡಿಕೊಳ್ಳುತ್ತಿತ್ತು. ಅದರ ಗಾಳಿ ಮೈಕಿಗೆ ತಾಗಿ ಆಗುವ ಗೊರಗೊರವನ್ನು ಯಾರೂ ನೀಟಾಗಿ ತೆಗೆಯಲಾರರು. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ ಎರಡು, ಮೂರರಲ್ಲಿ ತಿರುಗುವಾಗ ಮೋಟಾರೇ ಗುಂಯ್‌ಗುಡುತ್ತದೆ. ಅದು ಐದರಲ್ಲಿ ಇರುವುದಕ್ಕಿಂತ ಕೆಟ್ಟದ್ದು.

ನನ್ನ ಲೆಕ್ಕ ಹೀಗೆ: ಹದಿನೈದು ನಿಮಿಷ ಫ್ಯಾನ್ ಹಾಕಿ ಮೈ ತಣ್ಣಗೆ ಮಾಡಿಕೊಳ್ಳುವುದು, ಆರಿಸಿ ಒಂದು ಚರಣ, ಮತ್ತೆ ಫ್ಯಾನು. ಬೆವರಿದ ಮೈಯಲ್ಲಿ ಕುಳಿತು ಹಾಡಿದರೆ ಉಸಿರಿಗೂ ಅವಸರ ಬರುತ್ತದೆ, ಅದು ರೆಕಾರ್ಡಿಂಗಿನಲ್ಲಿ ಗೊತ್ತಾಗುತ್ತದೆ.

ಫ್ರಿಜ್ಜನ್ನೂ ಆರಿಸಿ, ಆದರೆ ಮರೆಯದಂತೆ ಏನಾದರೂ ಉಪಾಯ ಇಟ್ಟುಕೊಳ್ಳಿ. ಒಂದು ಶನಿವಾರ ರಾತ್ರಿ ನಾನು ಆರಿಸಿದ್ದು ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ದೋಸೆ ಹಿಟ್ಟು ಡಬ್ಬದ ಮುಚ್ಚಳ ಎತ್ತಿ ಹೊರಗೆ ಬಂದು, ಫ್ರಿಜ್ಜಿನ ಮೂರು ತಟ್ಟೆ ದಾಟಿ ತರಕಾರಿ ಡ್ರಾಯರಿಗೆ ಇಳಿದಿತ್ತು. ಅವತ್ತಿನಿಂದ ಮನೆಯ ಬೀಗದಕೈಯನ್ನು ಫ್ರಿಜ್ಜಿನೊಳಗೇ ಇಡುತ್ತೇನೆ. ಹೊರಗೆ ಹೊರಡಬೇಕಾದರೆ ಬಾಗಿಲು ತೆರೆಯಲೇಬೇಕು, ಒಳಗಿನ ದೀಪ ಹತ್ತದಿದ್ದರೆ ನೆನಪಾಗುತ್ತದೆ.

ಯಾವ ಹೊತ್ತಿನಲ್ಲಿ ರೆಕಾರ್ಡ್ ಮಾಡಿದರೆ ಒಳ್ಳೆಯದು?

ಹಳಿಯ ಪಕ್ಕದವರಿಗೆ ಉತ್ತರ ಒಂದೇ. ರಾತ್ರಿ ಒಂದರ ಹೊತ್ತಿಗೆ ಕೊನೆಯ ಲೋಕಲ್ ಹೋಗಿರುತ್ತದೆ, ನಾಲ್ಕರ ಸುಮಾರಿಗೆ ಮೊದಲನೆಯದು ಹೊರಡುತ್ತದೆ. ನಡುವಿನ ಮೂರು ಗಂಟೆ ಈ ಊರು ಕೊಡುವ ದಾನ. ಆದರೆ ಆ ಹೊತ್ತಿನಲ್ಲಿ ತಾರಸ್ಥಾಯಿ ಎತ್ತಿದರೆ ಮೇಲಿನ ಮನೆಯ ವಹಿನಿ ಬಾಗಿಲು ತಟ್ಟುತ್ತಾರೆ. ನಮ್ಮಲ್ಲಿ ತಟ್ಟಿದ್ದಾರೆ. ಆದ್ದರಿಂದ ರಾತ್ರಿ ಕತೆ ಓದು, ಮೆಲ್ಲನೆಯ ಭಾವಗೀತೆಗೆ ಮಾತ್ರ.

ಹಾಡಿಗೆ ನನಗೆ ಒಗ್ಗಿದ್ದು ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಊಟ ಮುಗಿದು ಸೊಸೈಟಿ ಮಲಗಿರುತ್ತದೆ, ಕುಕ್ಕರ್ ಸೀಟಿ ಇಲ್ಲ, ಮಕ್ಕಳು ಇನ್ನೂ ಕೆಳಗಿಳಿದಿಲ್ಲ, ಭಂಗಾರ್‌ವಾಲಾ (ಗುಜರಿ ಕೊಳ್ಳುವವನು) ಕೂಡ ಎಲ್ಲೋ ಮರದ ಕೆಳಗೆ ಕುಳಿತಿರುತ್ತಾನೆ. ಲೋಕಲ್‌ಗಳೂ ಬೆಳಿಗ್ಗೆ ಸಂಜೆಯಷ್ಟು ಒತ್ತೊತ್ತಾಗಿ ಓಡುವುದಿಲ್ಲ. ಬೆಳಗಿನ ಜಾವ ಶಾಂತ ಅಂತ ನಂಬಬೇಡಿ. ಐದೂವರೆಗೆ ಟೆರೇಸಿನ ಟ್ಯಾಂಕಿಗೆ ನೀರು ಏರಿಸುವ ಪಂಪು, ಆರಕ್ಕೆ ಕಾಗೆ.

ಕುರ್ಲಾ, ಘಾಟ್‌ಕೋಪರ್ ಕಡೆಯವರ ತಲೆಯ ಮೇಲೆ ವಿಮಾನ ಇಳಿಯುತ್ತದೆ. ಅವರು ಸಾಲುಸಾಲಾಗಿ ಹಾಡಿ ಜೋಡಿಸಿಕೊಳ್ಳುವುದೇ ದಾರಿ. ಎರಡು ವಿಮಾನದ ನಡುವೆ ಒಂದು ಅನುಪಲ್ಲವಿ ಹಿಡಿಸುತ್ತದೆ. ಹೊರಗಿನ ಗದ್ದಲ ನಿಂತಮೇಲೆ ಎರಡು ಕ್ಷಣ ಸುಮ್ಮನಿದ್ದು ಶುರುಮಾಡಿ, ಜೋಡಿಸುವಾಗ ಕತ್ತರಿಸಲು ಜಾಗ ಬೇಕು.

ಗಣಪತಿ ಹಬ್ಬದ ಹತ್ತು ದಿನ ಮೈಕನ್ನು ಡಬ್ಬದಲ್ಲಿಟ್ಟು ಮೋದಕ ತಿನ್ನಿ.

ಧ್ವನಿವರ್ಧಕ, ಡ್ರಿಲ್ಲು ಇವಕ್ಕೆ ಕಾನೂನು ಇಲ್ಲವಾ?

ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಆ ಹೊತ್ತಿನಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಕಾನೂನಿನ ಮಾತು ಹೀಗಿದೆ. ರೆಕಾರ್ಡಿಂಗಿಗೆ ಅದನ್ನು ನಂಬಿ ಕೂರಬೇಡಿ. ಎದುರಿನ ಕಟ್ಟಡ ರೀಡೆವಲಪ್‌ಮೆಂಟಿಗೆ ಬಿದ್ದಿದ್ದರೆ ವಾಚ್‌ಮನ್ ಹತ್ತಿರ ಕೆಲಸದವರ ಊಟದ ಹೊತ್ತು ಕೇಳಿಕೊಳ್ಳಿ. ಆ ಒಂದು ಗಂಟೆ ನಿಮ್ಮದು.

ಯಾವ ಕೋಣೆ? ಬಾತ್‌ರೂಮಿನಲ್ಲಿ ದನಿ ಚೆನ್ನಾಗಿ ಕೇಳುತ್ತದಲ್ಲ?

ಹಾಡುವವರಿಗೆ ಚೆನ್ನಾಗಿ ಕೇಳುತ್ತದೆ, ಮೈಕಿಗಲ್ಲ. ಟೈಲ್ಸಿನಿಂದ ಪುಟಿದು ಬರುವ ಮಾರ್ದನಿ ಒಮ್ಮೆ ರೆಕಾರ್ಡಿಂಗಿಗೆ ಸೇರಿದರೆ ಹೊರಗೆ ತೆಗೆಯುವುದು ಬಹಳ ಕಷ್ಟ. ಜೊತೆಗೆ ಡಕ್ಟಿನ ಕಿಟಕಿಯಿಂದ ನಾಲ್ಕು ಮಹಡಿಯ ಬಾಲ್ದಿ ಸದ್ದು.

ಮಲಗುವ ಕೋಣೆಯೇ ಸರಿ. ಹಾಸಿಗೆ, ದಿಂಬು, ಪರದೆ, ಬಟ್ಟೆ ತುಂಬಿದ ಕಪಾಟು ಎಲ್ಲ ಅಲ್ಲೇ ಇವೆ. ಕಬ್ಬಿಣದ ಕಪಾಟಿನ ಎರಡೂ ಬಾಗಿಲು ತೆರೆದರೆ ಒಳಗಿನ ಸೀರೆಗಳೇ ಸ್ಟುಡಿಯೋ ಗೋಡೆ.

ನೀವು ಯಾವಾಗಲೂ ಹೇಳುವ ಕೌದಿ ಉಪಾಯ ಯಾವುದು?

ಧಾರವಾಡದಿಂದ ನಮ್ಮಜ್ಜಿ ಕಳಿಸಿದ ಕೌದಿ ಒಂದಿದೆ. ಹಳೆಯ ಇಳಕಲ್ ಸೀರೆ, ಅಜ್ಜನ ಧೋತರ, ಯಾರದೋ ಕುಪ್ಪಸದ ಖಣ, ಇವನ್ನೆಲ್ಲ ಪದರ ಪದರವಾಗಿ ಇಟ್ಟು ಬೆರಳಗಲಕ್ಕೊಂದು ಸಾಲು ಹೊಲಿಗೆ ಹಾಕಿದ್ದು. ಒಂದು ಮೂಲೆಯಲ್ಲಿ ದಾರ ಬಿಟ್ಟು ಒಳಗಿನ ಹಸಿರು ಖಣ ಇಣುಕುತ್ತದೆ. ಎತ್ತಿದರೆ ಕೈ ಬೀಳುವಷ್ಟು ಭಾರ. ಮುಂಬಯಿಯಲ್ಲಿ ಹೊದೆಯುವ ಚಳಿ ಬರುವುದೇ ಇಲ್ಲ, ಹಾಗಾಗಿ ಬಹಳ ವರ್ಷ ಮಂಚದ ಕೆಳಗೆ ಬಿದ್ದಿತ್ತು. ಈಗ ಮನೆಯ ಅತಿ ದುಬಾರಿ ಉಪಕರಣ ಅದೇ ಅಂದುಕೊಂಡಿದ್ದೇನೆ.

ಮೈಕಿನ ಮುಖ ಎಲ್ಲಿ ನೋಡುತ್ತದೆ? ನಿಮ್ಮ ಬಾಯಿಯನ್ನು, ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಅಲ್ಲಿ ಪುಟಿದದ್ದು ನೇರ ಮೈಕಿನೊಳಗೆ ಹೋಗುತ್ತದೆ. ಆದ್ದರಿಂದ ಬಟ್ಟೆ ಮೊದಲು ಬೇಕಾದದ್ದು ನಿಮ್ಮ ಬೆನ್ನ ಹಿಂದೆ. ಮೈಕಿನ ಹಿಂದೆ ಅರ್ಧಚಂದ್ರದ ಹಾಗೆ ಫೋಮ್ ತಟ್ಟೆ ನಿಲ್ಲಿಸುವವರು ಇದನ್ನು ಉಲ್ಟಾ ಮಾಡಿಕೊಂಡಿರುತ್ತಾರೆ.

ಕೋಣೆಯ ಮೂಲೆಯಲ್ಲಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಕೌದಿಯನ್ನು ಮಡಿಸಿ ಎರಡು ಪದರವಾಗಿ ತೂಗುಹಾಕಿ. ಗೋಡೆಗೆ ಅಂಟಿಸಬೇಡಿ, ಒಂದು ಗೇಣು ಬಿಡಿ. ಗೋಡೆಯ ಮೈಗೆ ಒತ್ತಿದ ಗಾಳಿ ಅಲ್ಲಾಡುವುದಿಲ್ಲ. ಅಲ್ಲಾಡುವ ಗಾಳಿ ದಾರದ ಎಳೆಗಳ ನಡುವೆ ನುಸುಳಿ ಉಜ್ಜಿದರೆ ಮಾತ್ರ ಸದ್ದಿನ ಶಕ್ತಿ ಕರಗುತ್ತದೆ. ಕೌದಿಗೆ ಬೆನ್ನು ಹಾಕಿ ಕುಳಿತು ಹಾಡಿ. ತಲೆಯ ಮೇಲೆ ಇನ್ನೊಂದು ಚಾದರ ಹಾಸಿದರೆ ಸೀಲಿಂಗಿನ ಪುಟಿತವೂ ನಿಲ್ಲುತ್ತದೆ. ಹೊದ್ದುಕೊಂಡು ಒಳಗೇ ಕೂರುವವರೂ ಇದ್ದಾರೆ. ಮೇ ತಿಂಗಳಲ್ಲಿ ಹಾಗೆ ಮಾಡಬೇಡಿ.

ಕೌದಿ ನಿಲ್ಲಿಸುವುದು ಕೋಣೆಯೊಳಗಿನ ಮಾರ್ದನಿಯನ್ನು. ಹೊರಗಿನ ಟ್ರೇನನ್ನು ಅದು ತಡೆಯುವುದಿಲ್ಲ. ಈ ಎರಡನ್ನು ಬೆರೆಸಿಕೊಂಡರೆ ಮುಂದಿನ ಪ್ರಶ್ನೆಯ ದುಡ್ಡು ದಂಡ.

ಗೋಡೆಗೆ ಫೋಮ್ ಅಂಟಿಸಿದರೆ? ಮೊಟ್ಟೆ ಟ್ರೇ?

ಮೊಟ್ಟೆ ಟ್ರೇ ಜಿರಲೆಗೆ ಒಳ್ಳೆಯದು.

ಫೋಮ್ ನಾನೂ ತರಿಸಿದ್ದೆ, ಆನ್‌ಲೈನಿನಲ್ಲಿ, ಇಪ್ಪತ್ತನಾಲ್ಕು ತುಂಡು. "ಸೌಂಡ್‌ಪ್ರೂಫ್" ಅಂತ ಬರೆದಿತ್ತು. ಅಂಟಿಸಿ ರೆಕಾರ್ಡ್ ಮಾಡಿದರೆ ಟ್ರೇನು ಮೊದಲಿನ ಹಾಗೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪುಡಿಪುಡಿಯಾಗಿ ಉದುರಿತು, ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಹೋಯಿತು.

ಹೊರಗಿನ ಸದ್ದು ತಡೆಯಲು ಬೇಕಾದದ್ದು ಭಾರ ಮತ್ತು ಬಿಗಿ. ಗೋಡೆಯ ತೂಕ ಇಮ್ಮಡಿಯಾದರೆ ದಾಟಿ ಬರುವ ಸದ್ದು ಲೆಕ್ಕದ ಪ್ರಕಾರ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಗುರವಾದ ಫೋಮಿಗೆ ಆ ತೂಕವೇ ಇಲ್ಲ. ಕೋಣೆಯೊಳಗಿನ ಮಾರ್ದನಿಗೂ ಒಂದು ಇಂಚಿನ ಫೋಮು ಬರೀ ಚುರುಕಾದ ಮೇಲ್ದನಿಗಳನ್ನು ತಿಂದು ಕೆಳದನಿಯನ್ನು ಹಾಗೇ ಬಿಡುತ್ತದೆ. 100 ಹರ್ಟ್ಸಿನ ಅಲೆಯ ಉದ್ದ ಸುಮಾರು 3.4 ಮೀಟರ್, ಅದರ ಮುಂದೆ ಒಂದು ಇಂಚು ಏನು ಮಾಡೀತು? ಕೋಣೆ ಡಬ್ಬದೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ಖರ್ಚು ಮಾಡುವುದೇ ಆದರೆ ಎರಡು ಇಂಚಿನ, ಕಲ್ಲಿನ ನಾರಿನಿಂದ ಮಾಡಿದ ರಾಕ್‌ವುಲ್ ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿಸಿಕೊಳ್ಳಿ, ಬರಿಗೈಯಲ್ಲಿ ಮುಟ್ಟಬೇಡಿ, ತುರಿಸುತ್ತದೆ.

ಬಿಗಿಯ ಮಾತಿಗೆ ಬಂದರೆ, ನಮ್ಮ ಫ್ಲಾಟುಗಳ ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಗಳೇ ದೊಡ್ಡ ತೂತು. ಎರಡು ಗಾಜು ಒಂದನ್ನೊಂದು ದಾಟುವ ಜಾಗದಲ್ಲಿ ಮೂಲತಃ ಉಣ್ಣೆಯ ಹಾಗಿನ ಪಟ್ಟಿ ಇರುತ್ತದೆ, ಹತ್ತು ವರ್ಷಕ್ಕೆ ಸವೆದುಹೋಗಿರುತ್ತದೆ. ಕಿಟಕಿ ಕೆಲಸದವನನ್ನು ಕರೆದು ಹೊಸ ಪಟ್ಟಿ ಹಾಕಿಸಿ. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುರುಳಿ. ಗಾಳಿ ನುಸುಳುವ ಕಡೆಯೆಲ್ಲ ಸದ್ದೂ ನುಸುಳುತ್ತದೆ.

ಯಾವ ಮೈಕು ಕೊಳ್ಳಲಿ? ಡೈನಮಿಕ್ ಮೈಕು ಹಿಂದಿನ ಸದ್ದನ್ನು ಎತ್ತುವುದೇ ಇಲ್ಲವಂತೆ?

ಹಾಗೇನಿಲ್ಲ. ಮೈಕಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಬಗೆ: ಗಟ್ಟಿಮುಟ್ಟಾದ ಡೈನಮಿಕ್, ಸಣ್ಣ ಸದ್ದನ್ನೂ ಹಿಡಿಯುವ ನವಿರಾದ ಕಂಡೆನ್ಸರ್. ಒಂದೇ ದೂರ, ಒಂದೇ ಬಗೆಯ ದಿಕ್ಕು ಇದ್ದರೆ ದನಿಗೂ ಗದ್ದಲಕ್ಕೂ ಇರುವ ಅನುಪಾತ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಡೈನಮಿಕ್ ಮೈಕಿನ ಸಂವೇದನೆ ಕಡಿಮೆ, ಹಾಗಾಗಿ ಜನ ತಾವಾಗಿಯೇ ಅದರ ಹತ್ತಿರ ಹೋಗಿ ಹಾಡುತ್ತಾರೆ. ಗುಣ ಮೈಕಿನದ್ದಲ್ಲ, ದೂರದ್ದು.

ಆದರೂ ಹಳಿಯ ಪಕ್ಕದ ಮನೆಗೆ ನಾನು ಡೈನಮಿಕ್ಕನ್ನೇ ಹೇಳುತ್ತೇನೆ. ತುಟಿಯ ಹತ್ತಿರ ಹಿಡಿದು ಹಾಡಲೆಂದೇ ಮಾಡಿದ್ದು, ಒಳಗೇ ಗಾಳಿತಡೆ ಇರುತ್ತದೆ, ಮಳೆಗಾಲದ ತೇವಕ್ಕೆ ಜಗ್ಗುವುದಿಲ್ಲ. 1966ರಲ್ಲಿ ಬಂದ ಶೂರ್ ಎಸ್ಎಂ58 ಇವತ್ತಿಗೂ ನಮ್ಮ ಸಂಘದ ಕಾರ್ಯಕ್ರಮಗಳ ವೇದಿಕೆಯ ಮೇಲೆ ನಿಂತಿರುವುದು ಸುಮ್ಮನೆ ಅಲ್ಲ. ಇದಕ್ಕೆ ಗೇನ್ ಹೆಚ್ಚು ಬೇಕು, 50ರಿಂದ 60 ಡೆಸಿಬೆಲ್. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸನ್ನು ಅಷ್ಟು ಏರಿಸಿದರೆ ಅದರದೇ ಸುಯ್ ಸದ್ದು ಸೇರಿಕೊಳ್ಳುತ್ತದೆ. ಕೊಳ್ಳುವ ಮುಂಚೆ ಧೋಬಿ ತಲಾವಿನ ಅಂಗಡಿಗಳಲ್ಲಿ ಎರಡನ್ನೂ ಜೋಡಿಸಿ ಕೇಳಿ.

ಶಾಂತವಾದ ಮನೆ ಇದ್ದವರಿಗೆ ಕಂಡೆನ್ಸರ್. ಗಮಕದ ಕೊನೆಯ ಎಳೆಯನ್ನೂ ಹಿಡಿಯುತ್ತದೆ. ಅದಕ್ಕೆ ಮೈಕಿನ ತಂತಿಯಲ್ಲೇ ಹೋಗುವ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು, ಮರೆಯಬೇಡಿ.

ಮೈಕು ಯಾವ ಕಡೆ ತಿರುಗಿರಬೇಕು?

ಮುಂದಿನಿಂದ ಬರುವುದನ್ನೇ ಹೆಚ್ಚು ಕೇಳುವ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಕಡೆ ಕಿವುಡು. ಆದ್ದರಿಂದ ಮೈಕಿನ ಬೆನ್ನು ಕಿಟಕಿಗೆ, ಮುಖ ನಿಮಗೆ, ನಿಮ್ಮ ಬೆನ್ನು ಕೌದಿಗೆ. ಸೂಪರ್‌ಕಾರ್ಡಿಯಾಯ್ಡ್ (ಇನ್ನೂ ಕಿರಿದಾದ ದಿಕ್ಕಿಗೆ ಕೇಳುವಂಥದ್ದು) ಆದರೆ ಅತಿ ಕಿವುಡಾದ ಜಾಗ ನೇರ ಹಿಂದೆ ಅಲ್ಲ, ಮುಖದಿಂದ ಸುಮಾರು 126 ಡಿಗ್ರಿಯಲ್ಲಿ, ಅಂದರೆ ಹಿಂಬದಿಯ ಎರಡು ಓರೆಗಳಲ್ಲಿ. ಹಾಗಾಗಿ ಅದನ್ನು ತುಸು ಓರೆಯಾಗಿ ನಿಲ್ಲಿಸಬೇಕು. ಸ್ಟ್ಯಾಂಡನ್ನು ನೆಲಕ್ಕೆ ನೇರ ಇಡದೆ ಕೆಳಗೆ ಮಡಿಸಿದ ಯೋಗದ ಚಾಪೆ ಹಾಕಿ. ಟ್ರೇನಿನ ಅರ್ಧ ಗುಡುಗು ಗಾಳಿಯಲ್ಲಿ ಬರುವುದಿಲ್ಲ, ಕಟ್ಟಡದ ಕಾಲಿನಿಂದ ಏರಿ ಬರುತ್ತದೆ.

ಎಲ್ಲ ಆರಿಸಿದರೂ ಗುಂಯ್ ಅನ್ನುವ ಒಂದೇ ಸ್ವರ ಉಳಿಯುತ್ತದೆ. ಅದೇನು?

ಕರೆಂಟಿನದು. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅದರ ಮಕ್ಕಳು 100, 150 ಹೀಗೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ ನೋಡಿ. ಹತ್ತರಲ್ಲಿ ಆರು ಮನೆಯಲ್ಲಿ ಅಲ್ಲಿಗೇ ನಿಲ್ಲುತ್ತದೆ ಅಂತ ನನ್ನ ಅನುಭವ. ನಿಲ್ಲದಿದ್ದರೆ ಎಲ್ಲವನ್ನೂ ಒಂದೇ ಪ್ಲಗ್‌ಬೋರ್ಡಿಗೆ ಹಾಕಿ, ಅರ್ಥ್ ಇರುವ ಮೂರು ಪಿನ್ ಬಳಸಿ, ಮೈಕಿನ ಕೇಬಲ್ಲು ಚಾರ್ಜರ್ ತಂತಿಯ ಪಕ್ಕದಲ್ಲಿ ಓಡದಂತೆ ನೋಡಿಕೊಳ್ಳಿ. ಗುಂಯ್ ತಪ್ಪಿಸಲು ಅರ್ಥ್ ಪಿನ್ನನ್ನೇ ಮುರಿಯುವ ಮಹಾನುಭಾವರಿದ್ದಾರೆ. ಶಾಕ್ ಹೊಡೆದೀತು, ಮಾಡಬೇಡಿ. ಕೇಬಲ್ ಸಂಶಯವಿದ್ದರೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮೈಕಿಗೆ ಹಾಕುವ ಒಳ್ಳೆಯ ಎಕ್ಸ್ಎಲ್ಆರ್ ಕೇಬಲ್ ಸಿಗುತ್ತದೆ. ಎರಡು ಕೊಳ್ಳಿ.

ಲೆವೆಲ್ ಎಷ್ಟಿರಬೇಕು?

24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಅತಿ ಜೋರಾದ ಜಾಗ ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರಲಿ (ಸೊನ್ನೆ ದಾಟಿದರೆ ದನಿ ಒಡೆಯುತ್ತದೆ). ಗೇನ್ ಹೆಚ್ಚು ಇಟ್ಟರೆ ಗದ್ದಲ ಹೆಚ್ಚು, ಕಡಿಮೆ ಇಟ್ಟರೆ ಶುದ್ಧ ಅನ್ನುವುದು ತಪ್ಪು ಕಲ್ಪನೆ. ಗೇನ್ ಏರಿದರೆ ಎರಡೂ ಏರುತ್ತವೆ, ಇಳಿದರೆ ಎರಡೂ ಇಳಿಯುತ್ತವೆ. ಅನುಪಾತ ಬದಲಿಸುವುದು ದೂರ ಮತ್ತು ದಿಕ್ಕು, ಗೇನ್ ಅಲ್ಲ.

ಮೈಕಿಲ್ಲ, ಮೊಬೈಲಿನಲ್ಲೇ ಹಾಡುತ್ತೇನೆ. ಆಗುವುದಿಲ್ಲವಾ?

ಖಂಡಿತ ಆಗುತ್ತದೆ. ಮೊಬೈಲಿನ ಮೈಕು ಕೆಳಗಿನ ಅಂಚಿನಲ್ಲಿದೆ, ಆ ಅಂಚನ್ನು ಬಾಯಿಯ ಪಕ್ಕಕ್ಕೆ ತನ್ನಿ, ಮೇಜಿನ ಮೇಲೆ ಮಲಗಿಸಬೇಡಿ. ಏರೋಪ್ಲೇನ್ ಮೋಡ್ ಹಾಕಿ. ಮೂರನೆಯ ಚರಣದಲ್ಲಿ ತವರಿನಿಂದ ಫೋನು ಬರುವುದು ನಿಶ್ಚಿತ.

ಕೆಲವು ಫೋನುಗಳು ತಾವಾಗಿಯೇ ಗದ್ದಲ ತೆಗೆಯಲು ಹೋಗಿ ದನಿಯ ಕೊನೆಗಳನ್ನು ನುಂಗುತ್ತವೆ. ರೆಕಾರ್ಡಿಂಗ್ ಆಪಿನಲ್ಲಿ ಅಂಥ ಸೌಕರ್ಯ ಇದ್ದರೆ ಆಫ್ ಮಾಡಿ. ಝೂಮ್‌ನಲ್ಲಿ ಪಾಠ ಕಲಿಯುವವರು ಸಂಗೀತಗಾರರಿಗೆಂದು ಕೊಟ್ಟಿರುವ "ಒರಿಜಿನಲ್ ಸೌಂಡ್" ಹಾಕಿಕೊಳ್ಳದಿದ್ದರೆ ಗುರುಗಳಿಗೆ ನಿಮ್ಮ ಅಕಾರ ಅರ್ಧ ಮಾತ್ರ ಮುಟ್ಟುತ್ತದೆ.

ತಂಬೂರಿ ಆಪನ್ನು ಪಕ್ಕದಲ್ಲಿ ಹಾಕಿಕೊಂಡು ಹಾಡಿದೆ. ಗದ್ದಲ ತೆಗೆದ ಮೇಲೆ ತಂಬೂರಿ ವಿಚಿತ್ರವಾಗಿ ಕೇಳುತ್ತಿದೆ.

ಕೇಳಲೇಬೇಕು. ಸಾಫ್ಟ್‌ವೇರಿಗೆ ಗದ್ದಲ ಅಂದರೆ ಬದಲಾಗದೆ ಒಂದೇ ಸಮ ಇರುವ ಸದ್ದು. ಪ, ಸ, ಸ, ಸ ಎಂದು ಗಂಟೆಗಟ್ಟಲೆ ಮಿಡಿಯುವ ತಂಬೂರಿಗಿಂತ ಒಂದೇ ಸಮ ಇರುವುದು ಇನ್ನೇನಿದೆ? ಅದು ಫ್ಯಾನನ್ನೂ ಶ್ರುತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎರಡನ್ನೂ ತಿನ್ನುತ್ತದೆ. ಅಷ್ಟೇ ಅಲ್ಲ, ನೀವು ಷಡ್ಜದಲ್ಲಿ ನಿಂತಾಗ ನಿಮ್ಮ ಷಡ್ಜವನ್ನೂ ಕಚ್ಚುತ್ತದೆ.

ಶ್ರುತಿಯನ್ನು ಹೆಡ್‌ಫೋನಿನಲ್ಲಿ ಕೇಳಿಕೊಳ್ಳಿ, ಕಿವಿ ಪೂರ್ತಿ ಮುಚ್ಚುವಂಥದ್ದು. ಒಂದು ಕಿವಿ ತೆರೆದಿಟ್ಟುಕೊಂಡು ಹಾಡುವ ಅಭ್ಯಾಸ ಇದ್ದರೆ ಆ ಕಡೆಯ ಹೆಡ್‌ಫೋನನ್ನು ಕಪಾಳಕ್ಕೆ ಒತ್ತಿ ಇಡಿ, ಗಾಳಿಗೆ ಬಿಡಬೇಡಿ. ದನಿಯನ್ನು ಒಂಟಿಯಾಗಿ ಶುಚಿಮಾಡಿ, ತಂಬೂರಿಯನ್ನು ಆಮೇಲೆ ಬೇರೆ ಟ್ರ್ಯಾಕಿನಲ್ಲಿ ಸೇರಿಸಿ. ಶ್ರುತಿಪೆಟ್ಟಿಗೆಗೂ ಇದೇ ಮಾತು.

ಸರಿ, ಸಾಫ್ಟ್‌ವೇರಿನಲ್ಲಿ ಹೇಗೆ ತೆಗೆಯುವುದು? ಆಡಾಸಿಟಿ ಹಾಕಿಕೊಂಡಿದ್ದೇನೆ.

ಆಡಾಸಿಟಿ ಉಚಿತ, 2000ದಿಂದ ಇದೆ, ನಮಗೆ ಸಾಕು. ಅದರ ನಾಯ್ಸ್ ರಿಡಕ್ಷನ್ ಕೆಲಸ ಮಾಡುವ ರೀತಿ ತಿಳಿದಿದ್ದರೆ ಅರ್ಧ ತಪ್ಪು ತಪ್ಪುತ್ತದೆ. ಬರೀ ಗದ್ದಲ ಇರುವ ತುಂಡೊಂದನ್ನು ಅದಕ್ಕೆ ತೋರಿಸಬೇಕು. ಯಾವ ಯಾವ ಸ್ಥಾಯಿಯಲ್ಲಿ ಎಷ್ಟೆಷ್ಟು ಸದ್ದಿದೆ ಅಂತ ಅದು ಲೆಕ್ಕ ಬರೆದುಕೊಳ್ಳುತ್ತದೆ. ಆಮೇಲೆ ಹಾಡಿನುದ್ದಕ್ಕೂ ಆ ಲೆಕ್ಕಕ್ಕಿಂತ ಕೆಳಗಿರುವುದನ್ನೆಲ್ಲ ತಗ್ಗಿಸುತ್ತದೆ. ಈ ಮನೆತನದ ವಿದ್ಯೆ ಹೊಸದಲ್ಲ, ಹೀಗೆ ಗದ್ದಲದ ಲೆಕ್ಕವನ್ನು ಕಳೆಯುವ ಸ್ಪೆಕ್ಟ್ರಲ್ ಸಬ್‌ಟ್ರ್ಯಾಕ್ಷನ್ ಬಗ್ಗೆ ಸಂಶೋಧಕ ಸ್ಟೀವನ್ ಬೋಲ್ ಬರೆದದ್ದು 1979ರಲ್ಲಿ.

ಅದಕ್ಕೇ ಪ್ರತಿ ರೆಕಾರ್ಡಿಂಗಿನ ಮೊದಲಿಗೆ ಐದಾರು ಕ್ಷಣ ಸುಮ್ಮನಿರಿ, ಉಸಿರು ಕೂಡ ಬಿಗಿಹಿಡಿದು. ಆ ತುಂಡನ್ನು ಆರಿಸಿ "ಗೆಟ್ ನಾಯ್ಸ್ ಪ್ರೊಫೈಲ್" ಒತ್ತಿ, ನಂತರ ಇಡೀ ಟ್ರ್ಯಾಕ್ ಆರಿಸಿ ಅದೇ ನಾಯ್ಸ್ ರಿಡಕ್ಷನ್ ಮತ್ತೆ ತೆರೆಯಿರಿ. ತಗ್ಗಿಸುವ ಪ್ರಮಾಣವನ್ನು ಹಾಡಿಗೆ ನಾನು 6ರಿಂದ 9 ಡೆಸಿಬೆಲ್ ನಡುವೆ ಇಡುತ್ತೇನೆ. ಅಲ್ಲೇ "ರೆಸಿಡ್ಯೂ" ಅಂತ ಒಂದು ಆಯ್ಕೆ ಇದೆ, ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಅದನ್ನು ಒತ್ತಿದರೆ ತೆಗೆದುಹಾಕುವ ಸದ್ದನ್ನು ಮಾತ್ರ ಕೇಳಿಸುತ್ತದೆ. ಕಸದ ಬುಟ್ಟಿಯೊಳಗೆ ನಿಮ್ಮ ಹಾಡು ಕೇಳಿಸಿದರೆ ಮಿತಿ ಮೀರಿದ್ದೀರಿ ಅಂತ ಅರ್ಥ. ಕೇಳಿದ ಮೇಲೆ ಮತ್ತೆ ರಿಡ್ಯೂಸ್‌ಗೆ ಬನ್ನಿ, ಮರೆತರೆ ಹಾಡು ಹೋಗಿ ಫ್ಯಾನು ಉಳಿಯುತ್ತದೆ.

ಹೆಚ್ಚು ತೆಗೆದರೆ ದನಿಯ ಸುತ್ತ ಗುಳುಗುಳು, ಕಿಣಿಕಿಣಿ ಸದ್ದು ಹುಟ್ಟುತ್ತದೆ, ನೀರೊಳಗೆ ಗೆಜ್ಜೆ ಅಲ್ಲಾಡಿಸಿದ ಹಾಗೆ. ಅದಕ್ಕಿಂತ ಫ್ಯಾನೇ ಮೇಲು.

ಇದಕ್ಕೂ ಮುಂಚೆ ಕೆಳದನಿ ಕತ್ತರಿಸುವ ಹೈಪಾಸ್ ಫಿಲ್ಟರ್ ಹಾಕಿ. ಗಂಡಸರು ಹಾರ್ಮೋನಿಯಂ ಮನೆಯ ಬಿಳಿ ಒಂದರ ಶ್ರುತಿಯಲ್ಲಿ ಹಾಡಿದರೆ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್, ಮಂದ್ರ ಪಂಚಮ 98. ಹಾಗಾಗಿ 80ರಿಂದ ಕೆಳಗೆ ಕತ್ತರಿಸಬಹುದು. ಹೆಂಗಸರು ಕಪ್ಪು ಐದರಲ್ಲಿ ಹಾಡಿದರೆ ಷಡ್ಜ 233, ಮಂದ್ರ ಪಂಚಮವೇ 175ರ ಹತ್ತಿರ. 120ರವರೆಗೂ ಧೈರ್ಯವಾಗಿ ಕತ್ತರಿಸಿ. ಟ್ರೇನಿನ ಗುಡುಗು, ಲಿಫ್ಟಿನ ಗುಮ್ಮು ಹೆಚ್ಚಿನದು ಅಲ್ಲೇ ಕೆಳಗೆ ವಾಸ. ಜೋರುದನಿ, ಮೆಲುದನಿಗಳ ಅಂತರ ತಗ್ಗಿಸುವ ಕಂಪ್ರೆಸರ್ ಹಾಕುವುದಿದ್ದರೆ ಎಲ್ಲ ಮುಗಿದ ಮೇಲೆ. ಮೊದಲೇ ಹಾಕಿದರೆ ಸಣ್ಣ ಗದ್ದಲವನ್ನೂ ಎತ್ತಿ ಕಟ್ಟುತ್ತದೆ.

ಈಗ ಎಐ ಬಂದಿದೆಯಲ್ಲ, ಒಂದು ಗುಂಡಿ ಒತ್ತಿದರೆ ಎಲ್ಲ ಹೋಗುತ್ತದಂತೆ?

ಮಾತಿಗೆ ಹೌದು, ಬೆರಗಾಗುವಷ್ಟು. ಕತೆ ಓದಿದ ಫೈಲನ್ನು ನಾನೂ ಹಾಕಿದ್ದಿದೆ. ಹಾಡಿಗೆ ಬೇಡ. ಇವುಗಳಲ್ಲಿ ಹೆಚ್ಚಿನವು ಮಾತನ್ನು ಕೇಳಿ ಕಲಿತಂಥವು. ನೀವು ಎಂಟು ಅಕ್ಷರಕಾಲ ಒಂದೇ ಸ್ವರದಲ್ಲಿ ನಿಂತರೆ ಇದ್ಯಾವ ಯಂತ್ರದ ಸದ್ದು ಅಂದುಕೊಂಡು ಅಳಿಸಲು ಬರುತ್ತವೆ. ಕಂಪಿತ ಗಮಕವನ್ನು ಇಸ್ತ್ರಿ ಹಾಕಿ ಸಪಾಟು ಮಾಡುತ್ತವೆ.

ಇನ್ನೊಂದು ತೊಂದರೆ ನಮ್ಮ ಭಾಷೆಗೇ ಸಂಬಂಧಿಸಿದ್ದು. "ಹ", "ಶ", "ಸ", ಮಹಾಪ್ರಾಣದ ಉಸಿರು, ಇವೆಲ್ಲ ಸ್ವಭಾವದಲ್ಲಿ ಗದ್ದಲದ ಜಾತಿಯವೇ, ಬರೀ ಗಾಳಿ. ಸ್ವಲ್ಪ ಹೆಚ್ಚು ಒತ್ತಿದರೆ "ಹರಿ" ಹೋಗಿ "ಅರಿ" ಆಗುತ್ತದೆ. ಹರಿ ಅರಿಯಾದರೆ ದಾಸರು ಸುಮ್ಮನಿದ್ದಾರೆಯೇ?

ಹಾಕಲೇಬೇಕೆಂದರೆ ಶುಚಿಯಾದದ್ದನ್ನೂ ಮೂಲವನ್ನೂ ಎರಡು ಟ್ರ್ಯಾಕಿನಲ್ಲಿಟ್ಟು, ಮೂಲವನ್ನು ಸ್ವಲ್ಪ ಬೆರೆಸಿ. ಉಸಿರು ವಾಪಸ್ಸು ಬರುತ್ತದೆ.

ನಾಯ್ಸ್ ಗೇಟ್?

ದನಿ ಒಂದು ಮಟ್ಟಕ್ಕಿಂತ ಇಳಿದಾಗ ಸದ್ದನ್ನೇ ಮುಚ್ಚಿಬಿಡುವ ಸೌಕರ್ಯ ಅದು. ಸಾಲುಗಳ ನಡುವೆ ಪೂರ್ತಿ ನಿಶ್ಶಬ್ದ, ಹಾಡಿದ ಕೂಡಲೇ ಮತ್ತೆ ಫ್ಯಾನು. ಬಾಗಿಲು ತೆರೆದು ಮುಚ್ಚಿದ ಹಾಗೆ ಕೇಳುತ್ತದೆ, ಒಂದೇ ಸಮ ಇರುವ ಗದ್ದಲಕ್ಕಿಂತ ಹೆಚ್ಚು ಕಾಡುತ್ತದೆ. ಸಾಲುಗಳ ನಡುವೆ ಕೈಯಿಂದಲೇ 6 ಡೆಸಿಬೆಲ್‌ನಷ್ಟು ತಗ್ಗಿಸಿ. ಹಿಂದೆ ತಬಲಾ, ಹಾರ್ಮೋನಿಯಂ ಸೇರುವುದಿದ್ದರೆ ಅದೂ ಬೇಕಾಗುವುದಿಲ್ಲ, ಅವೇ ಮುಚ್ಚಿಕೊಳ್ಳುತ್ತವೆ.

ಆಡಿಯೋಬುಕ್ಕಿಗೆ ಎಷ್ಟು ಶಾಂತ ಇರಬೇಕು?

ಆಡಿಯೋಬುಕ್ಕುಗಳ ಅಂತರರಾಷ್ಟ್ರೀಯ ವೇದಿಕೆಯಾದ ಎಸಿಎಕ್ಸ್ ಕೇಳುವ ಅಳತೆ ಬಹಳ ಜನಕ್ಕೆ ಗುರಿಯಾಗಿದೆ: ಮೌನದ ಜಾಗದಲ್ಲಿ ಗದ್ದಲ ಮೈನಸ್ 60 ಡೆಸಿಬೆಲ್‌ಗಿಂತ ಕೆಳಗೆ, ಸರಾಸರಿ ದನಿ ಮೈನಸ್ 23ರಿಂದ ಮೈನಸ್ 18ರ ನಡುವೆ, ಅತಿ ಜೋರು ಮೈನಸ್ 3 ಮೀರಬಾರದು. ಡೊಂಬಿವಲಿಯಲ್ಲಿ ಹಗಲು ಇದು ಕನಸು. ರಾತ್ರಿ ಎರಡು ಗಂಟೆಗೆ, ಕೌದಿ ಕಟ್ಟಿ, ಗೇಣಿಗಿಂತ ಹತ್ತಿರ ಕುಳಿತಾಗ ನನಗೆ ಮೈನಸ್ 62 ಸಿಕ್ಕಿದೆ. ಅವತ್ತು ಸೊಸೈಟಿಯ ನಾಯಿಗಳೂ ಸಹಕರಿಸಿದ್ದವು.

ಮಳೆಗಾಲದಲ್ಲಿ ಏನು ಮಾಡುವುದು?

ಜೂನ್ ಎರಡನೆಯ ವಾರದಿಂದ ಕಿಟಕಿಯ ಮೇಲಿನ ಪತ್ರಾ (ತಗಡು) ಚೆಂಡೆಯಾಗುತ್ತದೆ. ಪತ್ರಾದ ಮೇಲೆ ಹಳೆಯ ಗೋಣಿಚೀಲ ಅಥವಾ ತೆಂಗಿನ ನಾರಿನ ಕಾಲೊರೆಸು ಹಾಸಿ ಬಿಗಿದು ಕಟ್ಟಿದರೆ ಹನಿಗಳ ಟಣಟಣ ಬಹಳಷ್ಟು ಮೆತ್ತಗಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಮಳೆಯ ಸದ್ದು ಸಾಫ್ಟ್‌ವೇರಿಗೂ ಸಿಗುವುದಿಲ್ಲ, ಹನಿಗೊಂದು ಥರ. ಮಳೆ ಬಿಡುವು ಕೊಟ್ಟಾಗ ಹಾಡಬೇಕು, ಅಷ್ಟೇ.

ಕಂಡೆನ್ಸರ್ ಮೈಕು ಇದ್ದವರು ಜೋಪಾನ. ಒಳಗಿನ ತೆಳುಪದರಕ್ಕೆ ತೇವ ಹಿಡಿದರೆ ಚಟಪಟ ಸಿಡಿಯುವ ಸದ್ದು ಬರುತ್ತದೆ. ಹಪ್ಪಳದ ಹಾಗೆಯೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಸಿಡಿಯತೊಡಗಿದರೆ ಆಫ್ ಮಾಡಿ ಒಂದು ದಿನ ಡಬ್ಬದಲ್ಲೇ ಬಿಡಿ, ಸಾಮಾನ್ಯವಾಗಿ ಸರಿಹೋಗುತ್ತದೆ. ಹೇರ್ ಡ್ರೈಯರ್ ಹಿಡಿಯಬೇಡಿ.

ಕಿಟಕಿಯ ಮೇಲಿನ ಪಾರಿವಾಳ?

ಬಲೆ ಹಾಕಿಸಿ. ಅದರ ಗುಟುರು ನಮ್ಮ ದನಿಯ ಸ್ಥಾಯಿಯಲ್ಲೇ ಬರುತ್ತದೆ, ಯಾವ ಫಿಲ್ಟರಿಗೂ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದೆ, ಆದರೂ ಊರಿನವರು ಕೇಳಿ "ದನಿ ಸರಿಯಿಲ್ಲ, ಏನೋ ಒಡೆದ ಹಾಗಿದೆ" ಅಂತಾರೆ.

ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿ ಕಳಿಸಿದಿರೇನು? ಸ್ಪೀಕರಿನಲ್ಲಿ ಹಾಡನ್ನು ನುಡಿಸಿ ಆ ಮೈಕಿನ ಗುಂಡಿ ಒತ್ತಿ ಹಿಡಿದು ಕಳಿಸುವವರೂ ಇದ್ದಾರೆ, ನಮ್ಮ ಮಾಮಿಯೇ ಒಬ್ಬರು. ಅಲ್ಲಿಗೆ ಕೋಣೆಯ ಸದ್ದು ಎರಡನೆಯ ಸಲ ಸೇರಿತು, ವಾಟ್ಸಾಪು ಅದನ್ನು ಹಿಂಡಿ ಹಿಪ್ಪೆ ಮಾಡಿತು. ಫೈಲನ್ನು ಡಾಕ್ಯುಮೆಂಟ್ ಆಗಿ ಲಗತ್ತಿಸಿ ಕಳಿಸಿ, ಇದ್ದ ಹಾಗೇ ತಲುಪುತ್ತದೆ. ತಲುಪಿದ ಮೇಲೆ ಫೋನಿನ ಸ್ಪೀಕರಿನಲ್ಲಿ ಕೇಳದೆ ಇಯರ್‌ಫೋನ್ ಹಾಕಿ ಕೇಳಲು ಹೇಳಿ.